ಕೀಲೆಣ್ಣೆಯ ಲೆಕ್ಕ

ಮನೆಯಲ್ಲಿ ಚಕ್ಕಡಿ ಇದ್ದ ಕಾಲದಲ್ಲಿ ಹಿರಿಯರು ಪರಸ್ಥಳಕ್ಕೆ ಹೊರಡುವ ಮುನ್ನ ಅಚ್ಚಿಗೆ ಕೀಲೆಣ್ಣೆ ಹಾಕಿದೆಯೋ ಇಲ್ಲವೋ ಎಂದು ಬಗ್ಗಿ ನೋಡುತ್ತಿದ್ದರು. ಎಣ್ಣೆ ಒಣಗಿದ ಗಾಲಿಯು ಕಿರುಗುಟ್ಟಿ ತನ್ನ ಕೊರತೆಯನ್ನು ತಾನೇ ಊರಿಗೆಲ್ಲ ಸಾರುತ್ತಿದ್ದಿತು. ಮೋಟಾರು ಹಾಗಲ್ಲ. ಅದು ಬಹು ಹೊತ್ತು ಮೌನವಾಗಿದ್ದು, ಕೂಗುವ ವೇಳೆಗೆ ಕೆಲಸ ಕೆಟ್ಟಿರುವದು. ಈ ತಿಂಗಳು ಆ ಮೌನದ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆಂದಿರುವೆವು.

ಗದಗ-ಬೆಟಗೇರಿಯಲ್ಲಿಯೂ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿಯೂ ಮಧ್ಯಮ ಸ್ಥಿತಿಯ ಅನೇಕ ಕುಟುಂಬಗಳಿಗೆ ಮೊದಲ ಕಾರೆಂದರೆ ಇನ್ನೊಬ್ಬರು ಓಡಿಸಿ ಬಿಟ್ಟ ಕಾರೇ. 1983ರಲ್ಲಿ ಹೊರಬಂದು 2014ರಲ್ಲಿ ತಯಾರಿಕೆ ನಿಂತ ಮಾರುತಿ 800 ಕಾರುಗಳು ಇನ್ನೂ ಕಣ್ಣಿಗೆ ಬೀಳುವದುಂಟು. ಹಳೆಯದನ್ನು ಕೊಳ್ಳುವದರಲ್ಲಿ ನಾಚಿಕೆಯೇನಿಲ್ಲ. ಕೊಂಡ ಬಳಿಕ ಅದರ ಹೊಟ್ಟೆಯನ್ನು ವಿಚಾರಿಸದಿರುವದೇ ತಪ್ಪು. ನಾವು ಆ ತಪ್ಪನ್ನು ಮಾಡಿದವರು.

ನಮ್ಮ ಹಳೆಯ ಕಾರು ನಿಂತಲ್ಲೆಲ್ಲ ರೂಪಾಯಿಯಗಲದ ಕಪ್ಪು ಕಲೆ ಬಿಡುತ್ತಿದ್ದಿತು. ಅಂಗಳ ತೊಳೆಯುವಾಗ ಮನೆಯವರು ಎರಡು ಸಾರೆ ಹೇಳಿದರೂ, ಹಳೆಯ ಗಾಡಿ ಇಷ್ಟು ಸೋರುವದು ಸಹಜವೆಂದು ನಕ್ಕುಬಿಟ್ಟೆವು. ಬೇಸಿಗೆಯ ಒಂದು ಮಧ್ಯಾಹ್ನ ಅವ್ವನನ್ನು ಕೂಡ್ರಿಸಿಕೊಂಡು ಮುಂಡರಗಿಯಿಂದ ಗದಗಿನ ಆಸ್ಪತ್ರೆಗೆ ಹೊರಟಿದ್ದೆವು. ಡಂಬಳ ದಾಟಿದ ಬಳಿಕ ಎಣ್ಣೆಯ ಕೆಂಪು ದೀಪ ಹತ್ತಿತು. ಗದಗು ಇನ್ನೇನು ಬಂದೀತು, ಅಲ್ಲಿಯೇ ಎಣ್ಣೆ ಹಾಕಿಸಿದರಾಯಿತೆಂದು ಮುಂದೆ ನಡೆಸಿದೆವು. ಕೆಲವು ನಿಮಿಷಗಳಲ್ಲಿ ಕಟಕಟ ಸಪ್ಪಳವಾಗಿ ಎಂಜಿನ್ನು ಜಾಮಾಗಿ ನಿಂತಿತು. ಆ ಬಿಸಿಲಿನಲ್ಲಿ ಅವ್ವ ಜಾಲಿಯ ಗಿಡದ ಅರೆನೆರಳಿನಲ್ಲಿ ಸುಮ್ಮನೆ ಕುಳಿತದ್ದನ್ನು ಮರೆಯಲಾರೆವು. ಹಾದಿಯಲ್ಲಿ ಬಂದ ಟಂಟಂ ಗಾಡಿಯವನು ದಯವಿಟ್ಟು ಕರೆದೊಯ್ದನು. ಎಂಜಿನ್ನಿನ ರಿಪೇರಿಗೆ ಕಾರಿನ ಬೆಲೆಯ ಅರ್ಧಕ್ಕೂ ಮಿಕ್ಕಿ ಖರ್ಚಾಯಿತು.

ಗ್ಯಾರೇಜಿನ ಮಿಸ್ತ್ರಿಯು ಗೇಜಿನ ಕಡ್ಡಿಯನ್ನೆಳೆದು ನಮ್ಮ ಮುಂದೆ ಹಿಡಿದನು. ಅದರ ತುದಿ ಒಣಗಿದ್ದಿತು. "ಎಣ್ಣಿ ಸೋರೂದು ಗಾಡಿ ತಪ್ಪಲ್ರಿ ಸರ, ನೋಡದ ಬಿಡೂದು ನಮ್ಮ ತಪ್ಪು" ಎಂದನು. ನಮ್ಮಲ್ಲಿ ಉತ್ತರವಿರಲಿಲ್ಲ.

ಆ ಕೆಂಪು ದೀಪದ ಅರ್ಥವನ್ನು ಬಹುಜನರು ತಪ್ಪಾಗಿ ತಿಳಿದಿರುವರು. ಅದು ಎಣ್ಣೆಯ ಪ್ರಮಾಣವನ್ನಲ್ಲ, ಒತ್ತಡವನ್ನು ಹೇಳುವದು. ಎಂಜಿನ್ನಿನ ತಳದ ಚೇಂಬರಿನಿಂದ ಪಂಪು ಎಣ್ಣೆಯನ್ನು ಹೀರಿ ಬೇರಿಂಗುಗಳಿಗೆ ಒತ್ತಿ ಕಳಿಸುವದು. ತಿರುಗುವ ಲೋಹಕ್ಕೂ ನಿಂತ ಲೋಹಕ್ಕೂ ನಡುವೆ ಆ ತೆಳುವಾದ ಪದರು ಇರುವವರೆಗೆ ಅವು ಒಂದನ್ನೊಂದು ತಿಕ್ಕವು. ಎಣ್ಣೆ ತೀರ ಇಳಿದು ಪಂಪು ಗಾಳಿಯನ್ನು ಹೀರತೊಡಗಿದಾಗ ಒತ್ತಡ ಬಿದ್ದು ದೀಪ ಹತ್ತುವದು. ಆದುದರಿಂದ ಅದು ಮೊದಲ ಸೂಚನೆಯಲ್ಲ, ಕಡೆಯ ಕೂಗು. ಓಡುತ್ತಿರುವಾಗ ಅದು ಹತ್ತಿದರೆ ಕೂಡಲೆ ಬದಿಗೆ ನಿಲ್ಲಿಸಿ ಎಂಜಿನ್ನು ಆರಿಸತಕ್ಕದ್ದು. ಮೊದಲ ಸೂಚನೆಯೆಂದರೆ ಅಂಗಳದ ಆ ಕಪ್ಪು ಕಲೆಯೇ.

ಸೋರಿಕೆಯ ಕಾರಣಗಳು ಗೂಢವಾದವೇನಲ್ಲ. ವಾಲ್ವುಗಳ ಮುಚ್ಚಳದ ಗ್ಯಾಸ್ಕೆಟ್ಟು, ಕ್ರ್ಯಾಂಕಿನ ತುದಿಗಳ ಆಯಿಲ್ ಸೀಲು, ಇವು ವರ್ಷಗಟ್ಟಲೆ ಕಾವು ತಿಂದು ಗಡುಸಾಗಿ ಬಿರಿಯುವವು. ಹೊಲದಾರಿಯ ಕಲ್ಲು ಬಡಿದರೆ ಚೇಂಬರು ಸೋರುವದು. ನಮ್ಮ ಎರೆಭೂಮಿಯ ಧೂಳು ಎಣ್ಣೆಗೆ ಅಂಟಿ ಸೋರುವ ಜಾಗವನ್ನೇ ಮುಚ್ಚುವದರಿಂದ ಮೊದಲು ಒರೆಸಿ ಬಳಿಕ ಹುಡುಕಬೇಕು. ಕಾದ ಸೈಲೆನ್ಸರಿನ ಕೊಳವೆಯ ಮೇಲೆ ಎಣ್ಣೆ ಬಿದ್ದರೆ ಸುಟ್ಟ ವಾಸನೆ ಬರುವದು. ಅದರಲ್ಲಿ ಬೆಂಕಿಯ ಭಯವೂ ಉಂಟು. ನೆಲದಲ್ಲಿ ಹನಿಯಿಲ್ಲದೆ ಎಣ್ಣೆ ಇಳಿಯುತ್ತ ಹೊಗೆ ನೀಲಿಯಾಗಿದ್ದರೆ, ಪಿಸ್ಟನ್ನಿನ ರಿಂಗುಗಳೋ ವಾಲ್ವಿನ ಸೀಲುಗಳೋ ಸವೆದು ಎಣ್ಣೆಯು ಒಳಗೇ ಉರಿಯುತ್ತಿರುವದೆಂದು ಸಂಶಯಪಡಬೇಕು.

ಹಳೆಯ ಕಾರನ್ನು ಕೊಳ್ಳುವವರು ತೊಳೆದು ಹೊಳೆಯುವ ಎಂಜಿನ್ನನ್ನು ಕಂಡು ಹಿಗ್ಗಬಾರದು. ಧೂಳಿನೊಡನೆ ಕಲೆಯನ್ನೂ ತೊಳೆದಿರಬಹುದು. ಬೆಳಿಗ್ಗೆ ಎಂಜಿನ್ನು ತಣ್ಣಗಿರುವಾಗ ಹೋಗಿ ಚಾಲೂ ಮಾಡಿಸಿ ಹೊಗೆಯನ್ನು ನೋಡಬೇಕು. ಕಾರು ರಾತ್ರಿ ನಿಂತ ನೆಲವನ್ನೂ ನೋಡಬೇಕು. ಮನೆಗೆ ತಂದ ಮೇಲೆ ರಾತ್ರಿ ಅದರ ಕೆಳಗೆ ಹಳೆಯ ರಟ್ಟು ಹಾಸಿದರೆ ಹನಿ ಎಲ್ಲಿಂದ ಬೀಳುವದೆಂಬುದರ ಅಂದಾಜು ಸಿಕ್ಕುವದು. ವಾರಕ್ಕೊಮ್ಮೆ ಸಮನೆಲದಲ್ಲಿ ನಿಲ್ಲಿಸಿ, ಎಂಜಿನ್ನು ಆರಿಸಿ ಐದು ನಿಮಿಷ ತಡೆದು, ಗೇಜಿನ ಕಡ್ಡಿಯನ್ನು ಒರೆಸಿ ಅದ್ದಿ ನೋಡಬೇಕು. ಎಣ್ಣೆಯು ಎರಡು ಗುರುತುಗಳ ನಡುವೆ ಇರತಕ್ಕದ್ದು. ಮೇಲಿನ ಗುರುತನ್ನು ಮೀರಿ ತುಂಬುವದೂ ಕೇಡೇ. ಸಣ್ಣ ಸೀಲನ್ನು ಇಂದು ಬದಲಿಸಿದವನಿಗೆ ನಾಳೆ ದೊಡ್ಡ ಎಂಜಿನ್ನು ಬಿಚ್ಚಿಸುವ ಪ್ರಸಂಗ ಬಾರದು.

ಈಗ ನಮ್ಮ ಮನೆಯಲ್ಲಿ ಕಡ್ಡಿ ನೋಡುವ ಕೆಲಸ ಮಗಳದು. ದೂರ ಹೊರಡುವ ದಿನ ಅವ್ವ ಕಟ್ಟೆಯ ಮೇಲೆ ಕುಳಿತು, "ಕೀಲೆಣ್ಣಿ ನೋಡಿದಿ ಏನವ್ವಾ?" ಎಂದು ಕೇಳುವಳು. ನೋಡಿದೆನೆಂಬ ಉತ್ತರ ಬಂದ ಬಳಿಕವೇ ಕಾರು ಅಂಗಳ ಬಿಡುವದು.