ಅಮೃತಶಿಲೆಗೆ ಹುಳಿ ಆಗದು

ಕಳೆದ ವರ್ಷ ವಿಜಯದಶಮಿಯ ಮರುದಿನ ಆರ್.ಟಿ. ನಗರದ ದೊಡ್ಡಮ್ಮನವರ ಮನೆಗೆ ಹೋಗಿದ್ದೆ. ಹಬ್ಬದ ಮನೆಯಲ್ಲಿ ಮುಖಗಳೆಲ್ಲ ಬಾಡಿದ್ದವು. ಆರು ತಿಂಗಳ ಹಿಂದೆಯಷ್ಟೇ ಬಿಳಿಯ ಅಮೃತಶಿಲೆ ಹಾಸಿದ ನಡುಮನೆಯಲ್ಲಿ, ತಲೆಬಾಗಿಲಿನ ಒಳಮಗ್ಗುಲಿಗೆ, ಎರಡು ದುಂಡನೆಯ ಮಂಕು ಗುರುತುಗಳು ಎದ್ದಿದ್ದವು. ಅವು ಸಾಬೂನಿಗೂ ಹೋಗಲಿಲ್ಲ, ಬಿಸಿನೀರಿಗೂ ಹೋಗಲಿಲ್ಲ.

“ಎಲ್ಲಾ ಇವಳದೇ ಕೆಲಸ. ಪಾತ್ರೆ ತಿಕ್ಕೋ ಪುಡಿ ಹಾಕಿ ಉಜ್ಜಿದ್ದಾಳೆ” ಎಂದು ದೊಡ್ಡಮ್ಮ ಕೆಲಸದಾಕೆಯತ್ತ ಬೆರಳು ತೋರಿದರು. ಆಕೆ ಒರಸುಬಟ್ಟೆ ಹಿಡಿದು ನಿಂತು, “ಬರೀ ನೀರಲ್ಲೇ ಒರೆಸಿದ್ದು ಅಮ್ಮಾ” ಎಂಬ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದಳು. ಸಂಬಳದಲ್ಲಿ ಮುರಿದುಕೊಳ್ಳುವ ಮಾತೂ ಆಗಲೇ ಬಂದಿತ್ತು.

ನಾನು ಬಗ್ಗಿ ನೋಡಿದೆ. ಗುರುತುಗಳು ಬಾಗಿಲಿನ ಎಡಕ್ಕೊಂದು, ಬಲಕ್ಕೊಂದು, ಅಳೆದು ಇಟ್ಟಂತಿದ್ದವು.

“ದೊಡ್ಡಮ್ಮಾ, ಆಯುಧಪೂಜೆಗೆ ಕುಂಕುಮ ಹಚ್ಚಿದ ನಿಂಬೆಹೋಳು ಎಲ್ಲಿಟ್ಟಿದ್ರಿ?”

ದೊಡ್ಡಮ್ಮ ಉತ್ತರ ಕೊಡಲಿಲ್ಲ. ಗುರುತುಗಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

ಯಶವಂತಪುರದ ಹಳೆಯ ಮನೆಯಲ್ಲಿ ಅವರು ನಲವತ್ತು ವರ್ಷ ಹಾಗೆಯೇ ನಿಂಬೆಹೋಳು ಇಟ್ಟವರು. ಅಲ್ಲಿ ಬಾಗಿಲ ಬಳಿ ಇದ್ದದ್ದು ದೇವನಹಳ್ಳಿ ಕಡೆಯ ಸಾದಹಳ್ಳಿ ಕಲ್ಲು. ಅದು ಗ್ರಾನೈಟಿನ ಜಾತಿ. ನಿಂಬೆಯ ಹುಳಿಗೆಲ್ಲ ಅದು ಜಗ್ಗುವುದಿಲ್ಲ. ಅಮೃತಶಿಲೆಯ ಕುಲವೇ ಬೇರೆ. ಸುಣ್ಣಕಲ್ಲು ಭೂಗರ್ಭದ ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ರೂಪಾಂತರ ಹೊಂದಿದರೆ ಅಮೃತಶಿಲೆ. ಮೈಯೆಲ್ಲ ಬಹುತೇಕ ಕ್ಯಾಲ್ಸಿಯಂ ಕಾರ್ಬೊನೇಟ್. ಹುಳಿ ತಗುಲಿದೊಡನೆ ಮೇಲಿನ ಹೊಳಪಿನ ಪದರ ಕರಗಿಹೋಗುತ್ತದೆ. ಆದುದರಿಂದ ಅದು ಕಲೆಯಲ್ಲ, ಗಾಯ. ಕಲೆಯಾದರೆ ತೆಗೆಯಬಹುದು, ಕರಗಿದ ಕಲ್ಲನ್ನು ಯಾವ ಸಾಬೂನು ತಂದುಕೊಟ್ಟೀತು? ಹೆಸರಿನಲ್ಲಿ ಅಮೃತವಿದ್ದರೂ ನಮ್ಮ ಅಡಿಗೆಮನೆಯ ಅರ್ಧ ಸಾಮಾನು ಇದಕ್ಕೆ ವಿಷವೇ: ನಿಂಬೆ, ಹುಣಸೆ, ಮಜ್ಜಿಗೆ, ಟೊಮೆಟೊ, ಸಾರು. ದೇವರ ಹಿತ್ತಾಳೆ ಸಾಮಾನನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ಹಾಗೆಯೇ ನೆಲದ ಮೇಲಿಡುವ ಅಭ್ಯಾಸವಂತೂ ಕೂಡದು. ಕಪ್ಪು ಕಡಪಾ ಕಲ್ಲೂ ಸುಣ್ಣಕಲ್ಲೇ ಎಂಬುದು ನೆನಪಿರಲಿ.

ಅಂಗಡಿಯವರು ‘ಸೀಲರ್’ ಬಳಿಸಿಕೊಳ್ಳಿ, ಚಿಂತೆಯಿಲ್ಲ ಎನ್ನುತ್ತಾರೆ. ಅರ್ಧ ನಿಜ. ಎಣ್ಣೆ, ಅರಿಸಿನ, ಕಾಫಿ ಕಲ್ಲಿನ ರಂಧ್ರಗಳಿಗೆ ಇಳಿಯದಂತೆ ಅದು ತಡೆಯುತ್ತದೆ. ಹುಳಿ ಹೊಳಪನ್ನು ತಿನ್ನುವುದನ್ನು ತಡೆಯದು. ಸೀಲರ್ ಬೇಕೋ ಬೇಡವೋ ಎಂದು ತಿಳಿಯಲು ಒಂದು ಹನಿ ನೀರು ಹಾಕಿ ಕಾಲು ಗಂಟೆ ಬಿಡಿ. ಒರೆಸಿದ ಮೇಲೆ ಕಲ್ಲು ಅಲ್ಲಿ ಕಪ್ಪಿಟ್ಟಿದ್ದರೆ ನೀರು ಒಳಗೆ ಇಳಿದಿದೆ ಎಂದರ್ಥ.

ಇಳಿದ ಎಣ್ಣೆಯನ್ನು ಮೇಲಕ್ಕೆ ಎಳೆಯುವ ಉಪಾಯವೂ ಉಂಟು. ಅಡಿಗೆ ಸೋಡಾವನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ, ದೀಪದೆಣ್ಣೆಯ ಕಲೆಯ ಮೇಲೆ ಮೆತ್ತಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ ಒಂದು ದಿನ ಬಿಡಿ; ಬಳಿಕ ಹಾಳೆ ತೆಗೆದು ಒಣಗಲು ಬಿಟ್ಟು, ಮೆಲ್ಲಗೆ ಒರೆಸಿ. ಒಮ್ಮೆಗೆ ಹೋಗದಿದ್ದರೆ ಮತ್ತೊಮ್ಮೆ. ತಾಜಮಹಲಿನ ಗೋಡೆಗಳಿಗೆ 1994ರಿಂದ ಆಗಾಗ್ಗೆ ಮುಲ್ತಾನಿ ಮಣ್ಣಿನ ಲೇಪ ಹಚ್ಚಿ ಕೊಳೆ ತೆಗೆಯುತ್ತಿರುವುದೂ ಇದೇ ತತ್ತ್ವದಿಂದಲೇ. ರಾಜಸ್ಥಾನದ ಮಕರಾಣಾ ಗಣಿಯ ಆ ಕಲ್ಲಿಗೆ ಆಗುವ ಉಪಚಾರ ನಮ್ಮ ನಡುಮನೆಗೂ ಆದೀತು.

ದಿನನಿತ್ಯದ ಆರೈಕೆ ಸುಲಭ. ಕಾಠಿಣ್ಯವನ್ನು ಅಳೆಯುವ ಮೋಸ್ ಮಾನದಲ್ಲಿ ಅಮೃತಶಿಲೆಗೆ 3, ಮರಳಿನ ಹರಳಿಗೆ 7. ನಮ್ಮ ಕೆಂಪುಮಣ್ಣಿನಲ್ಲಿ ಆ ಹರಳು ಧಾರಾಳವಾಗಿದೆ. ಯಲಹಂಕ, ಹೆಬ್ಬಾಳಗಳ ಸುತ್ತ ಇನ್ನೂ ಮನೆ ಕಟ್ಟುತ್ತಿರುವ ಬೀದಿಗಳಲ್ಲಿ ಅದು ಚಪ್ಪಲಿಯೊಡನೆ ಒಳಗೆ ಬಂದು ನೆಲವನ್ನು ಗೀರುತ್ತದೆ. ಬಾಗಿಲ ಹೊರಗೊಂದು, ಒಳಗೊಂದು ಕಾಲೊರಸು ಇರಲಿ. ಮೊದಲು ಮೆತ್ತನೆಯ ಪೊರಕೆಯಿಂದ ಗುಡಿಸಿ, ಆಮೇಲೆ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಬೇಕು. ಕೊಳವೆಬಾವಿಯ ಗಡಸುನೀರಾದರೆ ಕೂಡಲೇ ಒಣಬಟ್ಟೆಯನ್ನೂ ಆಡಿಸಿ. ಇಲ್ಲವಾದರೆ ನೀರು ಆರಿದಲ್ಲಿ ಬಿಳಿಯ ಪೊರೆ ನಿಲ್ಲುತ್ತದೆ. ಆ ಪೊರೆ ತೆಗೆಯಲೆಂದು ವಿನೆಗರ್ ಸುರಿಯುವವರಿದ್ದಾರೆ! ಒದ್ದೆ ನೆಲದಲ್ಲಿ ವಯಸ್ಸಾದವರು ಜಾರುವ ಭಯವೂ ಒಣಬಟ್ಟೆಯಿಂದ ತಪ್ಪುತ್ತದೆ.

ಕಕ್ಕಸಿಗೆ ಹಾಕುವ ಆಸಿಡ್ ಈ ನೆಲದ ಹತ್ತಿರವೂ ಸುಳಿಯಬಾರದು. ಆಸಿಡ್ ಸಾಲದೆಂದು ಅದರ ಜೊತೆಗೆ ಬ್ಲೀಚಿಂಗ್ ಪುಡಿ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅದನ್ನು ಉಸಿರಾಡುವವಳು ನೆಲದ ಮೇಲೆ ಬಗ್ಗಿ ಕುಳಿತ ಕೆಲಸದಾಕೆ. ಸೋಫಾದ ಮೇಲೆ ಕುಳಿತು ‘ಇನ್ನೂ ಸ್ವಲ್ಪ ಹಾಕು’ ಎನ್ನುವ ನಾವಲ್ಲ.

ಮಂಕಾದ ಕಲ್ಲಿಗೆ ಹೊಳಪು ಬರಬೇಕಾದರೆ ಮೇಲಿನ ತೆಳುಪದರವನ್ನು ಯಂತ್ರದಿಂದ ಉಜ್ಜಿಸಿ ಪಾಲಿಶ್ ಮಾಡಿಸಬೇಕು. ಅದು ಪಳಗಿದ ಕೈಯ ಕೆಲಸ. ದೊಡ್ಡಮ್ಮ ಇನ್ನೂ ಮಾಡಿಸಿಲ್ಲ. ಗುರುತುಗಳ ಮೇಲೆ ಎರಡು ಚಿಕ್ಕ ಜಮಖಾನೆ ಹಾಸಿದ್ದಾರೆ.

ಅಂದು ಸಂಬಳ ಮುರಿಯಲಿಲ್ಲ. ತಪ್ಪಾಯಿತೆಂಬ ಮಾತೂ ದೊಡ್ಡಮ್ಮನ ಬಾಯಿಂದ ಬರಲಿಲ್ಲ. ಆದರೆ ಹೊರಟಿದ್ದ ಆಕೆಯನ್ನು ಕೂಗಿ, “ಕಾಫಿ ಕುಡ್ಕೊಂಡು ಹೋಗೇ, ಡಿಕಾಕ್ಷನ್ ಹೊಸದು” ಎಂದರು. ಆಕೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಒಂದು ಹನಿಯೂ ಚೆಲ್ಲದಂತೆ, ಹೊರಗಿನ ಮೆಟ್ಟಿಲಿಗೆ ಹೋಗಿ ಕುಳಿತಳು.