ಖಂಡನೆಗೂ ಹೊಣೆಯುಂಟು

'ಡಿನೌನ್ಸ್' ಎಂಬ ಇಂಗ್ಲಿಷ್ ಕ್ರಿಯಾಪದದ ಲ್ಯಾಟಿನ್ ಮೂಲಕ್ಕೆ ಸಾರಿ ಹೇಳುವುದೆಂದೇ ಅರ್ಥ. ಬಹಿರಂಗವಾಗಿ ಖಂಡಿಸುವುದೆಂಬುದು ಅನಂತರ ಬಂದದ್ದು. ಒಪ್ಪಂದದಿಂದ ಹೊರಬರುವುದಾಗಿ ರಾಷ್ಟ್ರವೊಂದು ನೋಟಿಸು ನೀಡುವುದಕ್ಕೂ ಇದೇ ಪದ. ನಮ್ಮ 'ಖಂಡಿಸು' ಮೂಲತಃ ತುಂಡರಿಸುವುದು. ತರ್ಕದಲ್ಲಿ ಎದುರು ವಾದವನ್ನು ಕಾರಣಸಹಿತ ಮುರಿಯುವುದು. ಪತ್ರಿಕಾ ಹೇಳಿಕೆಗಳ 'ತೀವ್ರ ಖಂಡನೆ'ಯಲ್ಲಿ ಇಂದು ಕಾರಣವೂ ಅಪರೂಪ, ಹೊಣೆಯೂ ಅಪರೂಪ.

ಆವತಿಯಿರುವ ದೇವನಹಳ್ಳಿ ತಾಲ್ಲೂಕಿನಲ್ಲೇ ಬೇರೆ ಮಾದರಿಯಿದೆ. ಚನ್ನರಾಯಪಟ್ಟಣ ಹೋಬಳಿಯ ರೈತರು 2022ರಿಂದ ಭೂಸ್ವಾಧೀನವನ್ನು ಖಂಡಿಸಿದರು. 1,777 ಎಕರೆ ಕೈಬಿಡಿ ಎಂಬ ಬೇಡಿಕೆ ಸ್ಪಷ್ಟವಿತ್ತು. ಧರಣಿ ಮೂರು ವರ್ಷ ದಾಟಿತು. 2025ರ ಜುಲೈ 15ರಂದು ಸರ್ಕಾರ ಮಣಿಯಿತು. ಖಂಡಿಸುವವರು ಕಾರಣ, ಬೇಡಿಕೆ ಎರಡನ್ನೂ ಹೇಳಿ ಅದಕ್ಕೆ ಬದ್ಧರಾಗಿ ನಿಂತರೆ ಮಾತ್ರ ಆಡಳಿತ ಕಿವಿಗೊಡುತ್ತದೆಂಬುದು ಅದರೊಳಗಿದ್ದ ನನ್ನ ಅಭಿಪ್ರಾಯ.