ಬೆಳಗಿನ ಸಂಬಳ, ಸಂಜೆಯ ಫೀಸು

ಸರಕಾರದ ಸಂಬಳ ಪಡೆಯುವ ವೈದ್ಯರು ಖಾಸಗಿಯಾಗಿ ಫೀಸು ತೆಗೆದುಕೊಳ್ಳುವುದು ನಿಲ್ಲಬೇಕು. ಕರ್ತವ್ಯದ ವೇಳೆಯಲ್ಲಿ ಮಾತ್ರವಲ್ಲ, ವೇಳೆ ಮುಗಿದ ಮೇಲೂ ನಿಲ್ಲಬೇಕು. ಇದನ್ನು ದಿನಪತ್ರಿಕೆಗೆ ಬರೆಯದೆ ನಮ್ಮ ಪತ್ರಿಕೆಗೇ ಬರೆಯುವುದಕ್ಕೆ ಕಾರಣವಿದೆ. ಆ ವೈದ್ಯರಲ್ಲಿ ಅನೇಕರು ನಮ್ಮವರು. ಸಂಜೆ ಅವರು ಹೋಗಿ ಕೂಡುವ ಆಸ್ಪತ್ರೆಗಳಲ್ಲಿ ಕೆಲವು ನಮ್ಮ ಸಮಾಜದವರೇ ಕಟ್ಟಿದವು. ಬಸವ ಜಯಂತಿಯ ದಿನ ಅವರನ್ನು ವೇದಿಕೆಗೆ ಕರೆದು ಶಾಲು ಹೊದಿಸುವವರೂ ನಾವೇ. ಹೀಗಾಗಿ ಸರಕಾರವನ್ನು ನಾಲ್ಕು ಮಾತು ಬೈದು ಕೈ ತೊಳೆದುಕೊಳ್ಳುವ ಹಾಗಿಲ್ಲ.

ನಾನು ವೈದ್ಯನಲ್ಲ. ಉತ್ತರ ಕರ್ನಾಟಕದ ಒಂದು ತಾಲೂಕು ಆಸ್ಪತ್ರೆಯಲ್ಲಿ 31 ವರ್ಷ ಔಷಧಿ ಕೊಡುವ ಕಿಟಕಿಯ ಹಿಂದೆ ಕೂತವನು. ಹಳೆಯ ಜನ ಇಂದಿಗೂ ನನ್ನನ್ನು ಕಂಪೌಂಡರ್ ಅಂತಲೇ ಕರೆಯುತ್ತಾರೆ. ಆ ಕಿಟಕಿಯಿಂದ ಬಹಳ ಕಾಣುತ್ತದೆ. ಸರಕಾರಿ ಓಪಿಡಿ ಚೀಟಿಯ ಜೊತೆಗೆ ಒಂದು ಸಣ್ಣ ಬಿಳಿ ಚೀಟಿ ಬರುತ್ತಿತ್ತು. ಅದರ ಮೇಲೆ ಆಸ್ಪತ್ರೆಯ ಹೆಸರಿಲ್ಲ, ಸಹಿ ಇಲ್ಲ, ಯಾವುದೋ ಕಂಪನಿಯ ಔಷಧಿಯ ಹೆಸರು ಮಾತ್ರ. ಅದೇ ಔಷಧಿ ಬೇರೆ ಹೆಸರಿನಲ್ಲಿ ನನ್ನ ಬೆನ್ನ ಹಿಂದಿನ ಕಪಾಟಿನಲ್ಲಿ ಎಷ್ಟೋ ಸಲ ಇರುತ್ತಿತ್ತು. "ಇದು ಇಲ್ಲೇ ಐತಿ ಯವ್ವಾ, ಪುಕ್ಕಟೆ ಕೊಡ್ತೀನಿ" ಅಂದರೆ, "ಬ್ಯಾಡ್ರಿ ಯಣ್ಣಾ, ಹೊರಗಿಂದ ತಗೋ ಅಂದಾರ ಸಾಹೇಬ್ರು. ಸಂಜೀಕೆ ಮನೀಗೆ ಬಂದು ತೋರಸು ಅಂತನೂ ಹೇಳ್ಯಾರ" ಅನ್ನುತ್ತಿದ್ದರು.

ಎಪಿಎಂಸಿಯಲ್ಲಿ ಚೀಲ ಹೊರುವ ಒಬ್ಬ ಹಮಾಲನಿಗೆ ಹರ್ನಿಯಾ ಆಗಿತ್ತು. ಭಾರ ಹೊತ್ತು ಬದುಕುವವನಿಗೆ ಅದು ಎಂಥ ಜಡ್ಡು ಅನ್ನುವುದನ್ನು ಹೇಳಬೇಕಾಗಿಲ್ಲ. ನಮ್ಮಲ್ಲಿ ಆಪರೇಷನ್ ಥಿಯೇಟರ್ ಇತ್ತು, ಸರ್ಜನ್ ಇದ್ದರು. ಮೊದಲ ತಾರೀಖಿಗೆ ಬಂದಾಗ ಅರಿವಳಿಕೆ ಡಾಕ್ಟರು ರಜೆ. ಎರಡನೆಯ ಸಲ ಥಿಯೇಟರಿಗೆ ಔಷಧಿ ಹೊಡೆದಿದ್ದಾರೆ, ಮುಂದಿನ ವಾರ ಬಾ. ಮೂರನೆಯ ಸಲ ರಕ್ತದ ರಿಪೋರ್ಟು ಹಳೆಯದಾಯಿತು. ಪ್ರತಿ ಸಲ ಒಂದು ದಿನದ ಕೂಲಿ ಹೋಯಿತು, ಜೊತೆಗೆ ಬಂದ ಹೆಂಡತಿಯ ಕೂಲಿಯೂ ಹೋಯಿತು. ಕೊನೆಗೆ ಆಪರೇಷನ್ ಆಯಿತು, ಎರಡು ಓಣಿ ಆಚೆಗಿನ ನರ್ಸಿಂಗ್ ಹೋಮಿನಲ್ಲಿ. ಮಾಡಿದವರು ಅದೇ ಸರ್ಜನ್, ಅರಿವಳಿಕೆ ಕೊಟ್ಟವರು ಅದೇ ಡಾಕ್ಟರು. ಬಿಲ್ಲು 28 ಸಾವಿರ ರೂಪಾಯಿ. ಎಮ್ಮೆ ಮಾರಿದ, ಉಳಿದದ್ದನ್ನು ಬಡ್ಡಿಗೆ ತಂದ. ಆಪರೇಷನ್ ಚೆನ್ನಾಗಿಯೇ ಆಯಿತು, ಅದನ್ನೂ ಹೇಳಬೇಕು. ಆ ವೈದ್ಯರ ಕೈಗುಣದ ಬಗ್ಗೆ ನನ್ನದೇನೂ ತಕರಾರಿಲ್ಲ. ಅದೇ ಕೈ ಬೆಳಗಿನ ಹೊತ್ತು ನಮ್ಮ ಆಸ್ಪತ್ರೆಯಲ್ಲಿ ಯಾಕೆ ಏಳಲಿಲ್ಲ ಎನ್ನುವುದು ನನ್ನ ಪ್ರಶ್ನೆ.

ಈ ವಿಷಯ ಬಂದಾಗಲೆಲ್ಲ ಎಲ್ಲರೂ ಗಡಿಯಾರ ಹಿಡಿದು ಮಾತಾಡುತ್ತಾರೆ. ಡಾಕ್ಟರು ಹತ್ತಕ್ಕೆ ಬಂದರೋ ಹನ್ನೊಂದಕ್ಕೋ, ಬಯೋಮೆಟ್ರಿಕ್ಕಿಗೆ ಬೆರಳು ಒತ್ತಿದರೋ ಇಲ್ಲವೋ. ಬೆರಳು ಒತ್ತಿ ಹಿಂದಿನ ಬಾಗಿಲಿನಿಂದ ಹೋಗುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆದರೆ ರೋಗ ಗಡಿಯಾರದಲ್ಲಿ ಇಲ್ಲ. ಸಂಜೆಯ ಅಂಗಡಿ ನಡೆಯಬೇಕಾದರೆ ಬೆಳಗಿನ ಸಾಲು ಉದ್ದವಿರಬೇಕು. ಸರಕಾರಿ ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಸರಿಯಾಗಿ ನಡೆದರೆ, ಆಪರೇಷನ್ ಹೇಳಿದ ದಿನ ಆದರೆ, ರೋಗಿಯನ್ನು ಕೂಡಿಸಿ ಐದು ನಿಮಿಷ ಮಾತಾಡಿಸಿದರೆ, ಸಂಜೆ ದುಡ್ಡು ಕೊಟ್ಟು ಯಾರು ಹೋಗುತ್ತಾರೆ? ಹಾಗಾಗಿ ಒಂದೇ ಮನುಷ್ಯನ ಎರಡು ಆದಾಯಗಳು ಒಂದಕ್ಕೊಂದು ಶತ್ರುಗಳಾಗಿ ನಿಲ್ಲುತ್ತವೆ. ಬೆಳಗಿನ ಕೆಲಸ ಕೆಟ್ಟಷ್ಟೂ ಸಂಜೆಯದು ಕುದುರುತ್ತದೆ. ಕೆಟ್ಟು ನಿಂತ ಯಂತ್ರವನ್ನು ರಿಪೇರಿ ಮಾಡಿಸಿ ಎಂದು ಜಿಲ್ಲಾ ಕಚೇರಿಗೆ ನಾಲ್ಕು ಸಲ ಪತ್ರ ಬರೆಯುವ ಉಮೇದು ಇಂಥವರಲ್ಲಿ ಎಲ್ಲಿಂದ ಬರಬೇಕು? ಪ್ರಾಮಾಣಿಕ ಮನುಷ್ಯನನ್ನೂ ಈ ಏರ್ಪಾಡು ನಿಧಾನವಾಗಿ ಒಳಗಿನಿಂದ ತಿನ್ನುತ್ತದೆ. ಎಳೆಯ ವಯಸ್ಸಿನಲ್ಲಿ ಹುಮ್ಮಸ್ಸಿನಿಂದ ಬಂದವರು ನಾಲ್ಕೈದು ವರ್ಷದಲ್ಲಿ ಬದಲಾದದ್ದನ್ನು ಕಂಡಿದ್ದೇನೆ. (ಬದಲಾಗದವರೂ ಇದ್ದರು. ಒಬ್ಬ ಹೆರಿಗೆ ಡಾಕ್ಟರಮ್ಮ ಕ್ವಾರ್ಟರ್ಸಿನಲ್ಲೇ ಇದ್ದು ರಾತ್ರಿ ಎರಡಕ್ಕೆ ಕರೆದರೂ ಚಪ್ಪಲಿ ಹಾಕಿಕೊಂಡು ಬರುತ್ತಿದ್ದರು. ಒಂದು ರೂಪಾಯಿ ಮುಟ್ಟಿದವರಲ್ಲ. ಅವರಿಗೆ ಯಾವ ವೇದಿಕೆಯಲ್ಲೂ ಶಾಲು ಹೊದಿಸಿದ್ದು ನನಗೆ ನೆನಪಿಲ್ಲ.)

ಈಗ ಇದಕ್ಕೆ ಹೊಸ ದಾರಿಯೊಂದು ಸೇರಿದೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಒಳ್ಳೆಯ ಯೋಜನೆ, ಬಡವರ ಜೀವ ಉಳಿಸಿದೆ. ಅದರ ನಿಯಮವೇನು? ರೋಗಿ ಮೊದಲು ಸರಕಾರಿ ಆಸ್ಪತ್ರೆಗೆ ಬರಬೇಕು. ಆ ಚಿಕಿತ್ಸೆ ಅಲ್ಲಿ ಇಲ್ಲವೆಂದರೆ ಸರಕಾರಿ ವೈದ್ಯರು ಶಿಫಾರಸು ಪತ್ರ ಕೊಡಬೇಕು; ಆಗ ಯೋಜನೆಯಲ್ಲಿ ನೋಂದಾಯಿಸಿಕೊಂಡ ಖಾಸಗಿ ಆಸ್ಪತ್ರೆಗೆ ಹೋಗಬಹುದು. ತುರ್ತು ಸ್ಥಿತಿಗೆ ಮಾತ್ರ ವಿನಾಯಿತಿ. ಯೋಚಿಸಿ ನೋಡಿ. "ಇಲ್ಲಿ ಆಗುವುದಿಲ್ಲ" ಎಂದು ಬರೆಯುವ ಪೆನ್ನು, ಸಂಜೆ ಆ ಖಾಸಗಿ ಆಸ್ಪತ್ರೆಯಲ್ಲಿ ಕುಳಿತುಕೊಳ್ಳುವವರ ಜೇಬಿನಲ್ಲೇ ಇದ್ದರೆ? ಮೊದಲು ಬಡವನ ಎಮ್ಮೆ ಹೋಗುತ್ತಿತ್ತು. ಈಗ ಸರಕಾರದ ಬೊಕ್ಕಸದ ಹಣ ಸರಕಾರಿ ವೈದ್ಯರ ಸಹಿಯಿಂದಲೇ ಹೊರಗೆ ಹರಿಯುವುದಕ್ಕೆ ದಾರಿಯಾಗಿದೆ. ರೋಗಿಗೆ ನೋವು ಕಡಿಮೆ, ಆದ್ದರಿಂದ ಕೂಗುವವರೂ ಕಡಿಮೆ. ಅತ್ತ ಸರಕಾರಿ ಥಿಯೇಟರಿನ ದೀಪದ ಮೇಲೆ ಧೂಳು ಕೂರುತ್ತದೆ.

ಯೋಜನೆಯ ಹೊರಗೆ ಉಳಿಯುವವರ ಗತಿ ತಿಳಿಯಬೇಕಾದರೆ 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಲೆಕ್ಕ ನೋಡಿ. ದೇಶದಲ್ಲಿ ಒಂದು ಸಲ ಸರಕಾರಿ ಆಸ್ಪತ್ರೆಗೆ ದಾಖಲಾದರೆ ಸರಾಸರಿ ಖರ್ಚು 4,452 ರೂಪಾಯಿ, ಖಾಸಗಿಯಲ್ಲಿ 31,845 ರೂಪಾಯಿ. ಏಳು ಪಟ್ಟು. ಬೆಳಗಿನ ಡಾಕ್ಟರಿಂದ ಸಂಜೆಯ ಡಾಕ್ಟರ ಕಡೆಗೆ ರೋಗಿ ನಡೆಯುವ ಆ ಎರಡು ಓಣಿಯ ದೂರ ಇಷ್ಟು ದುಬಾರಿ.

ವೈದ್ಯರ ಉತ್ತರಗಳು ನನಗೆ ಗೊತ್ತು. ಚಹಾ ಕುಡಿಯುತ್ತ ಕೂತಾಗ ಎಷ್ಟೋ ಸಲ ಕೇಳಿದ್ದೇನೆ. ಸಂಬಳ ಸಾಲದು ಎನ್ನುತ್ತಾರೆ. ಒಪ್ಪೋಣ, ಹೆಚ್ಚಿಸಲಿ. ಕೇಂದ್ರ ಸರಕಾರ ತನ್ನ ವೈದ್ಯರಿಗೆ ಖಾಸಗಿ ಪ್ರಾಕ್ಟೀಸ್ ಮಾಡದಿರುವುದಕ್ಕೆಂದೇ ಮೂಲವೇತನದ ಶೇ. 20ರಷ್ಟು ಭತ್ಯೆ ಕೊಡುತ್ತದೆ. ದಿಲ್ಲಿಯ ಏಮ್ಸ್‌ನಲ್ಲಿ ಖಾಸಗಿ ಪ್ರಾಕ್ಟೀಸ್ ಇಲ್ಲ. ಅಲ್ಲಿ ವೈದ್ಯರೇ ಸಿಗದೆ ಆಸ್ಪತ್ರೆ ಮುಚ್ಚಿಹೋಗಿಲ್ಲ. ಕೇರಳ ಸರಕಾರ 2009ರಲ್ಲಿ ಮೆಡಿಕಲ್ ಕಾಲೇಜಿನ ವೈದ್ಯರಿಗೆ ಸಂಬಳ ಏರಿಸಿ ಪ್ರಾಕ್ಟೀಸ್ ನಿಷೇಧಿಸಿತು. ಅಲ್ಲಿಯೂ ಕದ್ದುಮುಚ್ಚಿ ಮಾಡುವವರಿದ್ದಾರೆ, ಆಗಾಗ ವಿಜಿಲೆನ್ಸ್ ದಾಳಿ ನಡೆಯುತ್ತದೆ. ಆದರೆ ಕದ್ದು ಮಾಡಬೇಕಾಗಿದೆ ಎನ್ನುವುದೇ ಒಂದು ವ್ಯತ್ಯಾಸವಲ್ಲವೇ? ನಮ್ಮಲ್ಲಿ ಮನೆಯ ಮುಂದೆ ಬೋರ್ಡು ಇರುತ್ತದೆ, ಅದರಲ್ಲಿ ಸರಕಾರಿ ಹುದ್ದೆಯ ಹೆಸರೂ ಇರುತ್ತದೆ. ಇದೇನು ನನ್ನ ತಲೆಯಲ್ಲಿ ಹೊಸದಾಗಿ ಹುಟ್ಟಿದ ವಿಚಾರವೂ ಅಲ್ಲ. ಸ್ವಾತಂತ್ರ್ಯಕ್ಕೆ ಒಂದು ವರ್ಷ ಮುಂಚೆ, 1946ರಲ್ಲಿ, ಜೋಸೆಫ್ ಭೋರ್ ಸಮಿತಿ ಪೂರ್ಣಾವಧಿ ಸಂಬಳದ ವೈದ್ಯರಿಗೆ ಖಾಸಗಿ ಪ್ರಾಕ್ಟೀಸ್ ಇರಕೂಡದು ಎಂದೇ ಹೇಳಿತ್ತು.

ನಿಷೇಧಿಸಿದರೆ ತಜ್ಞರು ರಾಜೀನಾಮೆ ಕೊಟ್ಟು ಹೋಗುತ್ತಾರೆ ಎನ್ನುವುದು ಎರಡನೆಯ ಮಾತು. ಕೆಲವರು ಹೋಗುತ್ತಾರೆ, ಸುಳ್ಳಲ್ಲ. ಕಲ್ಯಾಣ ಕರ್ನಾಟಕದಂಥ ಕಡೆ ಅದು ಸಣ್ಣ ಪೆಟ್ಟೂ ಅಲ್ಲ. ಅದಕ್ಕೇ ಸಂಬಳ ಮೊದಲು, ನಿಷೇಧ ಆಮೇಲೆ ಎನ್ನುತ್ತೇನೆ. ಆದರೆ ಹೆಸರು ಹಾಜರಿ ಪುಸ್ತಕದಲ್ಲಿದ್ದು ಮನಸ್ಸು ನರ್ಸಿಂಗ್ ಹೋಮಿನಲ್ಲಿರುವವರು ಈಗಾಗಲೇ ಹೋದವರೇ. ಅವರು ಹುದ್ದೆ ಬಿಟ್ಟರೆ ಆ ಹುದ್ದೆ ಖಾಲಿ ಇದೆ ಎಂದಾದರೂ ಕಾಣುತ್ತದೆ, ಇನ್ನೊಬ್ಬರನ್ನು ತುಂಬಬಹುದು.

ಮೂರನೆಯದು ನಮ್ಮ ಸಮಾಜದ ವೈದ್ಯರೇ ನನಗೆ ಹೇಳಿದ್ದು. "ಸಂಜೆ ದುಡಿಯುವುದೂ ಕಾಯಕವೇ ಅಲ್ಲವೇನ್ರಿ? ನಾವು ಯಾರ ಮನೆಯನ್ನೂ ಕದ್ದಿಲ್ಲ." ಈ ಮಾತಿಗೆ ನಿಂತು ಉತ್ತರ ಕೊಡಬೇಕು, ಯಾಕಂದರೆ ಕಾಯಕ ಎಂಬ ಶಬ್ದವನ್ನು ಹೀಗೆ ದುಡಿಮೆಗೆಲ್ಲ ಹಚ್ಚಿಬಿಟ್ಟರೆ ನಮ್ಮ ಹತ್ತಿರ ಉಳಿಯುವುದೇನು? ಆಯ್ದಕ್ಕಿ ಮಾರಯ್ಯನವರ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದು ಅವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದರು. ಅವರೂ ಕದ್ದಿರಲಿಲ್ಲ. ಬಿದ್ದದ್ದನ್ನೇ ಆಯ್ದು ತಂದಿದ್ದರು, ಮೈ ಬಗ್ಗಿಸಿಯೇ ತಂದಿದ್ದರು. ಆದರೂ ಲಕ್ಕಮ್ಮ ತಾಯಿ ಒಪ್ಪಲಿಲ್ಲ, ಹೆಚ್ಚಿನದನ್ನು ತಂದಲ್ಲೇ ಸುರಿದು ಬನ್ನಿ ಎಂದು ಗಂಡನನ್ನು ತಿರುಗಿ ಕಳಿಸಿದರು. ಕದ್ದಿಲ್ಲ ಎನ್ನುವುದಷ್ಟೇ ಸಾಕಾಗಿದ್ದರೆ ಆ ತಾಯಿಗೆ ಅಕ್ಕಿಯ ಚಿಂತೆ ಯಾಕೆ ಬೇಕಿತ್ತು? ಇನ್ನು ಬಸವಣ್ಣನವರು. ಅವರು ಬಿಜ್ಜಳನ ಭಂಡಾರಿ, ಇಂದಿನ ಮಾತಿನಲ್ಲಿ ಸರಕಾರಿ ನೌಕರರು. ಭಂಡಾರದ ಹಣ ಶರಣರಿಗೆ ಸುರಿಯುತ್ತಿದ್ದಾರೆ ಎಂದು ಚಾಡಿ ಹೋದಾಗ ಲೆಕ್ಕ ಒಪ್ಪಿಸಿದರು. ಒಂದು ಹಾಗವೂ ಕಡಿಮೆ ಬೀಳಲಿಲ್ಲ ಎಂದು ನಮ್ಮ ಪುರಾಣಗಳೆಲ್ಲ ಹೇಳುತ್ತವೆ. ದಾಸೋಹ ನಡೆಸುವುದಕ್ಕೂ ಅವರು ರಾಜನ ಭಂಡಾರ ಮುಟ್ಟಲಿಲ್ಲ. ವೈದ್ಯ ಸಂಗಣ್ಣನಂಥ ಶರಣರು ಇದೇ ವೃತ್ತಿಯಿಂದ ಬಂದು ಅನುಭಾವಕ್ಕೆ ಏರಿದವರು. ಈ ಪರಂಪರೆಯ ಹೆಸರು ಹೇಳಿಕೊಂಡು ಸಂಜೆಯ ಫೀಸಿಗೆ ವಿಭೂತಿ ಹಚ್ಚಬೇಡಿ ಎಂದು ನಮ್ಮ ವೈದ್ಯ ಬಂಧುಗಳಲ್ಲಿ ಕೈಮುಗಿದು ಕೇಳುತ್ತೇನೆ. ಪ್ರಾಕ್ಟೀಸ್ ಮಾಡುವುದು ಪಾಪವಲ್ಲ. ರಾಜೀನಾಮೆ ಕೊಟ್ಟು ಧೈರ್ಯವಾಗಿ ಮಾಡಿ, ನಿಮ್ಮ ಕ್ಲಿನಿಕ್ಕಿನ ಪ್ರಾರಂಭೋತ್ಸವಕ್ಕೆ ನಾನೇ ಬರುತ್ತೇನೆ. ಎರಡು ದೋಣಿಯಲ್ಲಿ ಕಾಲಿಡುವುದು ಬೇಡ, ಮುಳುಗುವವರು ನೀವಲ್ಲ.

ಈಗ ನಮ್ಮ ಮನೆಯ ಮಾತಿಗೆ ಬರುತ್ತೇನೆ. ನಮ್ಮ ಸಂಘ-ಸಂಸ್ಥೆಗಳು, ಮಠಗಳು ಈ ನಾಡಿನಲ್ಲಿ ಆಸ್ಪತ್ರೆ, ಮೆಡಿಕಲ್ ಕಾಲೇಜುಗಳನ್ನು ಕಟ್ಟಿವೆ. ಅವುಗಳ ಬಗ್ಗೆ ಹೆಮ್ಮೆ ನನಗೂ ಇದೆ. ಆದರೆ ಸೇವೆಯಲ್ಲಿರುವ ಸರಕಾರಿ ವೈದ್ಯರನ್ನು "ವಿಸಿಟಿಂಗ್" ಎಂಬ ಹೆಸರಿನಲ್ಲಿ ನಮ್ಮ ಆಸ್ಪತ್ರೆಗಳಿಗೆ ಕರೆಸಿಕೊಂಡರೆ ಪಕ್ಕದ ಸರಕಾರಿ ಆಸ್ಪತ್ರೆಯ ಗೋಡೆಗೆ ನಾವೇ ಕನ್ನ ಹಾಕಿದ ಹಾಗೆ. ಪೂಜ್ಯರಲ್ಲಿ ನನ್ನ ವಿನಂತಿ: ಸಮಾಜದ ಯಾವ ಆಸ್ಪತ್ರೆಯೂ ಸೇವಾನಿರತ ಸರಕಾರಿ ವೈದ್ಯರನ್ನು ದುಡ್ಡಿಗೆ ಕರೆಸಬಾರದು ಎಂದು ಒಂದು ಮಾತು ಆಡಿ. ಆದೇಶ ಬೇಕಿಲ್ಲ, ನಿಮ್ಮ ಮಾತು ಸಾಕು. ಸನ್ಮಾನಕ್ಕೆ ಹೆಸರು ಆರಿಸುವಾಗ ಆ ವೈದ್ಯರು ಬೆಳಿಗ್ಗೆ ಎಲ್ಲಿರುತ್ತಾರೆ ಎಂದು ಆ ಊರಿನ ಹಮಾಲರನ್ನೊಮ್ಮೆ ಕೇಳಿಸಿ.

2017ರ ನವೆಂಬರಿನಲ್ಲಿ ಬೆಳಗಾವಿ ಅಧಿವೇಶನದ ಹೊತ್ತಿಗೆ, ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ತಿದ್ದುಪಡಿ ವಿರೋಧಿಸಿ ಖಾಸಗಿಯವರು ಬಾಗಿಲು ಹಾಕಿದ್ದು ನಿಮಗೆ ನೆನಪಿರಬಹುದು. ಆ ದಿನಗಳಲ್ಲಿ ಉಳ್ಳವರೂ ಸರಕಾರಿ ಆಸ್ಪತ್ರೆಯ ಮೆಟ್ಟಿಲು ಹತ್ತಿದರು. ಬಡವರಿಗೆ ವರ್ಷವಿಡೀ ಇರುವುದು ಆ ಒಂದೇ ಬಾಗಿಲು.

ಸರಕಾರ ಎಚ್ಚರಾಗುವವರೆಗೆ ಓದುಗರು ಕೂತು ಕಾಯಬೇಕಿಲ್ಲ. ಪ್ರತಿ ಸರಕಾರಿ ಆಸ್ಪತ್ರೆಗೂ ಆರೋಗ್ಯ ರಕ್ಷಾ ಸಮಿತಿ ಇದೆ. ನಿಮ್ಮ ಊರಿನದರಲ್ಲಿ ಯಾರಿದ್ದಾರೆ, ಸಭೆ ಯಾವಾಗ ನಡೆಯಿತು ವಿಚಾರಿಸಿ. ಬಸವ ಕೇಂದ್ರದವರು, ಅಕ್ಕನ ಬಳಗದವರು ಮಾಹಿತಿ ಹಕ್ಕಿನ ಅರ್ಜಿ ಹಾಕಿ ಮೂರು ಸಂಗತಿ ಕೇಳಿ: ಕಳೆದ ಆರು ತಿಂಗಳ ವೈದ್ಯರ ಕರ್ತವ್ಯದ ಪಟ್ಟಿ, ಆದ ಆಪರೇಷನ್‌ಗಳ ಸಂಖ್ಯೆ, ಯೋಜನೆಯಡಿ ಯಾವ ಯಾವ ಖಾಸಗಿ ಆಸ್ಪತ್ರೆಗೆ ಎಷ್ಟು ಶಿಫಾರಸು ಪತ್ರ ಹೋಗಿವೆ ಎಂಬ ಲೆಕ್ಕ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಶಬ್ದ ಮೀರಬಾರದು. ಆದ್ದರಿಂದ ಮೂರನ್ನೂ ಬೇರೆ ಬೇರೆಯಾಗಿ ಹಾಕಿ. ಉತ್ತರಕ್ಕೆ 30 ದಿನ ಗಡುವು. ಶುಲ್ಕ ಒಂದು ಅರ್ಜಿಗೆ 10 ರೂಪಾಯಿ. ಬಿಪಿಎಲ್ ಕಾರ್ಡಿದ್ದವರ ಹೆಸರಿನಲ್ಲಿ ಹಾಕಿದರೆ ಅದೂ ಇಲ್ಲ. ಬಂದ ಉತ್ತರದ ಪ್ರತಿಯನ್ನು ಈ ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಪಟ್ಟಿಗಳನ್ನು ಓದುವ ಕೆಲಸ ನನಗಿರಲಿ.